ಘಟ್ಟದ ಕೆಳಗಿನ ಪರಾಚಿ

ಬ್ರೆಜಿಲ್ ಎಂದೊಡನೆ ಊರಿನವರು ಕೇಳುವುದು ಅಮೆಜಾನ್ ಬಗ್ಗೆ. ನಾನಿರುವ ಸಾವ್ ಪಾವ್ಲೊದಿಂದ ಅದು ಸಾವಿರಾರು ಕಿಲೋಮೀಟರ್ ದೂರ. ಈ ದೇಶದಲ್ಲಿ ಇನ್ನೊಂದು ಮಳೆಕಾಡಿದೆ, ಅಟ್ಲಾಂಟಿಕ್ ಕಡಲಿನ ಅಂಚಿಗೆ ಬೆಳೆದದ್ದು. 1500ರಲ್ಲಿ ಪೋರ್ಚುಗೀಸರು ಬಂದಿಳಿದಾಗ ಮೊದಲು ಕಂಡದ್ದೂ ಮೊದಲು ಕಡಿದದ್ದೂ ಈ ಕಾಡನ್ನೇ. ಈಗ ಅದರಲ್ಲಿ ಸಣ್ಣ ಪಾಲು ಮಾತ್ರ ಉಳಿದಿದೆ. ಆ ಉಳಿದ ಕಾಡಿನ ಮಡಿಲಲ್ಲಿರುವುದು ಪರಾಚಿ.

ಪರಾಚಿ ರಿಯೊ ಡಿ ಜನೈರೊ ರಾಜ್ಯದ ಒಂದು ಪುರಸಭೆ. ಇಲ್ಲಿ ಪುರಸಭೆ ಎಂದರೆ ಪಟ್ಟಣ ಮಾತ್ರವಲ್ಲ, ಸುತ್ತಲಿನ ಹಳ್ಳಿ, ಕಾಡು, ದ್ವೀಪಗಳೆಲ್ಲ ಸೇರಿ ಒಂದು ತಾಲ್ಲೂಕಿನಷ್ಟು ನೆಲ. ಸುಮಾರು 900 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಜನ 45 ಸಾವಿರದಷ್ಟು. ಉಳಿದದ್ದು ಬಹುಪಾಲು ಕಾಡು. 1971ರಲ್ಲಿ ಆದ ಸೆರ್ರಾ ಡ ಬೊಕಾಯಿನಾ ರಾಷ್ಟ್ರೀಯ ಉದ್ಯಾನವೂ ಇದರೊಳಗೆ ಚಾಚಿಕೊಂಡಿದೆ. ಮೇಲಿನ ಕುನ್ಯಾ ಊರಿನಿಂದ ಘಟ್ಟ ಇಳಿದು ಬಂದರೆ ಇಲ್ಲಿನ ಭೂಗೋಳವೆಲ್ಲ ಒಂದೇ ದಾರಿಯಲ್ಲಿ ಅರ್ಥವಾಗುತ್ತದೆ. ಸಾವಿರ ಮೀಟರಿಗೂ ಎತ್ತರದ ಬೆಟ್ಟಸಾಲು ನೇರ ಕಡಲಿಗೇ ಇಳಿಯುತ್ತದೆ. ಕಡಲ ಮೇಲಿಂದ ಬರುವ ಮೋಡಕ್ಕೆ ದಾಟಲು ದಾರಿಯಿಲ್ಲ, ಅಲ್ಲೇ ಸುರಿದುಬಿಡುತ್ತದೆ. ಉತ್ತರ ಕನ್ನಡದ ದೇವಿಮನೆ ಘಟ್ಟದಲ್ಲಿ ಮಳೆ ನೋಡಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಈ ಘಟ್ಟದ ಮೊದಲ ದಾರಿ ಮೂಲನಿವಾಸಿಗಳ ಕಾಲುದಾರಿ. ಕೆಳಗಿನ ವಸತಿಗೆ 1667ರಲ್ಲಿ ಸ್ವತಂತ್ರ ಪಟ್ಟಣದ ಸ್ಥಾನ ಸಿಕ್ಕಿತು. ಅದೇ ಶತಮಾನದ ಕೊನೆಗೆ ಒಳನಾಡಿನ ಮಿನಾಸ್ ಜೆರೈಸ್‌ನಲ್ಲಿ ಚಿನ್ನ ಸಿಕ್ಕಿದ್ದೇ ತಡ, ಕಾಲುದಾರಿ ಚಿನ್ನದ ದಾರಿಯಾಯಿತು. ಹೇಸರಗತ್ತೆಗಳ ಮೇಲೆ ಚಿನ್ನ ಇಳಿಯುತ್ತಿತ್ತು, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಹತ್ತುತ್ತಿದ್ದರು. ಬಂದರಿನಿಂದ ರಿಯೊವರೆಗೆ ಹಡಗು. ನಡುವೆ ಕಡಲ್ಗಳ್ಳರ ಕಾಟ. ಕೊನೆಗೆ ರಿಯೊದಿಂದ ಗಣಿಗೆ ನೇರ ರಸ್ತೆಯೇ ಆಯಿತು, ಪರಾಚಿಯ ಭಾಗ್ಯ ಇಳಿಯತೊಡಗಿತು. ಆಮೇಲೆ ಕಬ್ಬಿನ ಸಾರಾಯಿ, ಕಾಫಿ ಸ್ವಲ್ಪ ಕಾಲ ಕೈಹಿಡಿದವು. 1877ರಲ್ಲಿ ರಿಯೊ ಮತ್ತು ಸಾವ್ ಪಾವ್ಲೊ ನಡುವೆ ರೈಲು ಓಡಿದಾಗ ಕಾಫಿಯೂ ಅತ್ತ ತಿರುಗಿತು. 1888ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ತೋಟಗಳು ಪಾಳುಬಿದ್ದವು, ಕಾಡು ಮತ್ತೆ ಬೆಳೆಯಿತು.

ಪ್ರವಾಸಿಗರು ಇಂದು ಮೆಚ್ಚುವ ಹಳೆಯ ಪಟ್ಟಣ ಹಾಗೆಯೇ ಉಳಿದದ್ದು ಈ ಬಡತನದಿಂದ. ಕೆಡವಿ ಹೊಸದು ಕಟ್ಟಲು ಇಲ್ಲಿ ಯಾರ ಬಳಿಯೂ ಹಣವಿರಲಿಲ್ಲ. ಬಿಳಿ ಗೋಡೆ, ನೀಲಿ ಹಳದಿ ಬಾಗಿಲು, ದಪ್ಪ ಕಲ್ಲುಗಳ ಬೀದಿ. ಕಲ್ಲು ಹಾಸಿದ್ದು ಗುಲಾಮರ ಕೈ. ಬೀದಿಯ ನಡುಭಾಗ ತುಸು ತಗ್ಗು. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದಲ್ಲಿ ಕಡಲ ನೀರು ಒಳಬಂದು, ಬೀದಿ ತೊಳೆದು, ಇಳಿತದಲ್ಲಿ ವಾಪಸಾಗುತ್ತದೆ. ಒಮ್ಮೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ: ಕಲ್ಲಿನ ಸಂದಿಯಿಂದ ಸಂದಿಗೆ ಸದ್ದಿಲ್ಲದೆ ನೀರು ಏರಿತು, ಹಿಂದೆಯೇ ಬೆರಳುದ್ದದ ಮೀನುಮರಿಗಳು.

ಚರ್ಚುಗಳನ್ನು ನೋಡಿದರೆ ಆ ಸಮಾಜದ ಲೆಕ್ಕ ತಿಳಿಯುತ್ತದೆ. 1722ರ ಸಾಂಟಾ ರೀಟಾ ಬಿಡುಗಡೆ ಪಡೆದ ಮಿಶ್ರ ವರ್ಣದವರಿಗೆ, ರೊಸಾರಿಯೊ ಗುಲಾಮರಿಗೆ, ಕಡಲಂಚಿನ ಡೊರೆಸ್ ಶ್ರೀಮಂತ ಬಿಳಿಯರಿಗೆ. ದೇವರೊಬ್ಬನೇ, ಬಾಗಿಲು ಮೂರು. ಇದನ್ನು ಓದಿ ನಮ್ಮಲ್ಲಿ ಯಾರೂ ಅಚ್ಚರಿಪಡಲಿಕ್ಕಿಲ್ಲ.

ಆದರೆ ಪರಾಚಿಯ ಅತ್ಯಂತ ದೊಡ್ಡ ಚರಿತ್ರೆ ಪಟ್ಟಣದಲ್ಲಿಲ್ಲ, ಕಾಂಪಿನ್ಯೊ ಡ ಇಂಡಿಪೆಂಡೆನ್ಸಿಯಾದಲ್ಲಿದೆ ಎಂದು ನಾನು ನಂಬುತ್ತೇನೆ. ಧಣಿಗಳು ಬಿಟ್ಟುಹೋದ ನೆಲದಲ್ಲಿ ನೆಲೆಯೂರಿದ ಗುಲಾಮರ ವಂಶಜರ ಊರು ಅದು. ಆಂಟೊನಿಕಾ, ಮಾರ್ಸೆಲಿನಾ, ಲೂಯಿಜಾ ಎಂಬ ಮೂವರು ಹೆಂಗಸರನ್ನು ಇಡೀ ಊರು ತಮ್ಮ ಮೂಲ ಎಂದು ನೆನೆಯುತ್ತದೆ. 1999ರಲ್ಲಿ ಅವರಿಗೆ ಆ ನೆಲದ ಸಾಮೂಹಿಕ ಹಕ್ಕುಪತ್ರ ಸಿಕ್ಕಿತು, ರಿಯೊ ರಾಜ್ಯದಲ್ಲಿ ಅಂಥದ್ದು ಮೊದಲನೆಯದು. ಅವರ ತೋಟದಲ್ಲಿ ಬಾಳೆ, ಮರಗೆಣಸುಗಳ ನಡುವೆ ಜುಸ್ಸಾರಾ ಎಂಬ ತಾಳೆಯ ಜಾತಿಯ ಮರ ನಿಂತಿದೆ, ಅಡಿಕೆ ಮರದಷ್ಟೇ ತೆಳ್ಳಗೆ. ಅದರ ತುದಿಯ ಎಳೆ ತಿರುಳಿಗೆ ಬೆಲೆ ಹೆಚ್ಚು; ತೆಗೆದರೆ ಮರ ಸಾಯುತ್ತದೆ, ಬುಡದಿಂದ ಮತ್ತೆ ಚಿಗುರುವುದಿಲ್ಲ. ಕಳ್ಳತನದಿಂದ ಕಡಿದು ಕಡಿದು ಕಾಡೇ ಬರಿದಾಗಿತ್ತು. ಕಾಂಪಿನ್ಯೊದವರು ಮರ ಕಡಿಯದೆ ಹಣ್ಣಿನ ತಿರುಳು ತೆಗೆಯುತ್ತಾರೆ, ಬೀಜವನ್ನು ಮತ್ತೆ ಕಾಡಿಗೆ ಕೊಡುತ್ತಾರೆ. ಮರಗೆಣಸೂ ಗೇರೂ ಈ ದೇಶದಿಂದ ನಮ್ಮ ಕರಾವಳಿಗೆ ಬಂದವು. ಹಲಸು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಯಿಂದ ಇಲ್ಲಿಗೆ ಬಂತು.

1970ರ ದಶಕದಲ್ಲಿ ರಿಯೊ ಮತ್ತು ಸಾಂಟೊಸ್ ನಡುವಿನ ಕರಾವಳಿ ಹೆದ್ದಾರಿ ಬಂದಾಗ ಎಲ್ಲ ಬದಲಾಯಿತು. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಬೆಲೆ ಬಂತು. ತ್ರಿಂದಾಜೆ ಎಂಬ ಹಳ್ಳಿಯಲ್ಲಿ ಕೈಸಾರಾ ಎಂಬ ಮೀನುಗಾರ ಸಮುದಾಯದವರನ್ನು ಎಬ್ಬಿಸಲು ಆ ನೆಲಕ್ಕೆ ಕಣ್ಣಿಟ್ಟ ಕಂಪನಿಯ ಬಂದೂಕುಧಾರಿಗಳು ಬಂದು ಮನೆ ಕೆಡವಿದರು. ಜನ ವರ್ಷಗಟ್ಟಲೆ ಹೋರಾಡಿ ಅಲ್ಲಿಯೇ ಉಳಿದರು. ಗುವರಾನಿ ಎಂಬ ಮೂಲನಿವಾಸಿಗಳ ಹಳ್ಳಿಗಳೂ ಈ ಪುರಸಭೆಯಲ್ಲಿವೆ. 2019ರಲ್ಲಿ ಯುನೆಸ್ಕೊ ಪರಾಚಿಯನ್ನೂ ಪಕ್ಕದ ಇಲ್ಯಾ ಗ್ರಾಂಡೆ ದ್ವೀಪವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಡಿನ ಜೊತೆಗೆ ಈ ಮೂರೂ ಸಮುದಾಯಗಳ ಬದುಕನ್ನು ಎಣಿಸಿತು. ಅದು ನ್ಯಾಯ. ಕಾಡನ್ನು ಇಷ್ಟು ಕಾಲ ಕಾದವರು ಅವರೇ.

ಅವರ ಬದುಕು ಮಾತ್ರ ಸುಲಭವಾಗಿಲ್ಲ. 2022ರ ಏಪ್ರಿಲ್ ಮಳೆಯಲ್ಲಿ ಪೊಂಟಾ ನೆಗ್ರಾ ಎಂಬ ಕೈಸಾರಾ ಊರಿನ ಗುಡ್ಡ ಕುಸಿದು ಒಬ್ಬ ತಾಯಿ, ಆಕೆಯ ಆರು ಮಕ್ಕಳು ತೀರಿಕೊಂಡರು. ಹೆದ್ದಾರಿಯೂ ಹಲವೆಡೆ ಮಣ್ಣಿನಡಿ ಹೋಗಿತ್ತು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಕುಸಿತದ ಸುದ್ದಿ ಬಂದಾಗ ನನಗೆ ಇವೆರಡೂ ಒಂದೇ ನೋವಾಗಿ ಕಂಡಿತು. ಕಡಿದಾದ ಗುಡ್ಡ, ಕಡಲ ಮಳೆ, ಬುಡದಲ್ಲಿ ಬದುಕುವ ಜನ.

ಯಾರಾದರೂ ಈ ಕಡೆ ಬಂದರೆ ಮೇಯಿಂದ ಆಗಸ್ಟ್ ಒಳಗೆ ಬನ್ನಿ, ಆಗ ಮಳೆ ಕಡಿಮೆ. ಹಳೆಯ ಪಟ್ಟಣಕ್ಕೆ ಅರ್ಧ ದಿನ ಸಾಕು. ಮಧ್ಯಾಹ್ನದ ಊಟಕ್ಕೆ ಕಾಂಪಿನ್ಯೊಗೆ ಹೋಗಿ. ಊಟದ ಮನೆಯನ್ನು ಊರಿನವರೇ ನಡೆಸುತ್ತಾರೆ.