ಬಾಚಣಿಗೆ ಅಮ್ಮನ ಕೈಯಲ್ಲೇ ಇರಲಿ

ಆಪರೇಷನ್ ಆದ ಮೇಲೆ ಚೇತರಿಸಿಕೊಳ್ಳುವ ಕೇಂದ್ರಕ್ಕೆ, ಅಂದರೆ ರಿಹ್ಯಾಬ್‌ಗೆ, ಬಂದ ಎರಡನೇ ಬೆಳಿಗ್ಗೆ, ಅಮ್ಮನಿಗೆ ಜಡೆ ಹಾಕೋಣ ಅಂತ ಬಾಚಣಿಗೆ ತೆಗೆದುಕೊಂಡೆ. ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಯ ಹುಡುಗಿ ಮೆಲ್ಲಗೆ ತಡೆದಳು. "ಅವರೇ ಬಾಚಿಕೊಳ್ಳಲಿ. ಮಂಚದ ಅಂಚಿನಲ್ಲಿ ಕೂತು ಕೈ ಎತ್ತಿ ತಲೆ ಬಾಚೋದೇ ಇವತ್ತಿನ ವ್ಯಾಯಾಮ" ಅಂದಳು. ನನಗೆ ತುಂಬಾ ಬೇಜಾರಾಯಿತು. 78 ವರ್ಷದ ಅಮ್ಮ ಬಾತ್‌ರೂಮಿನಲ್ಲಿ ಜಾರಿಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಮಗಳಾಗಿ ಇಷ್ಟೂ ಮಾಡಬಾರದಾ?

"ಅಮ್ಮನನ್ನ ವೃದ್ಧಾಶ್ರಮಕ್ಕೆ ಸೇರಿಸಿದ್ಯಂತೆ?" ಅಂತ ಊರಿಂದ ಫೋನ್ ಬೇರೆ. ಇಲ್ಲ, ಇದು ವೃದ್ಧಾಶ್ರಮ ಅಲ್ಲ. ಅಮೆರಿಕದಲ್ಲಿ ಆಪರೇಷನ್ ಆದ ಕೆಲವೇ ದಿನಕ್ಕೆ ಆಸ್ಪತ್ರೆಯಿಂದ ಬಿಡುಗಡೆ ಮಾಡುತ್ತಾರೆ. ನೇರ ಮನೆಗೆ ಹೋಗುವಷ್ಟು ಚೇತರಿಸಿಕೊಳ್ಳದವರು ಹೋಗುವ ಜಾಗವೇ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ. ಹಗಲು ರಾತ್ರಿ ನರ್ಸ್ ಇರುತ್ತಾರೆ. ಗಾಯದ ಡ್ರೆಸ್ಸಿಂಗ್, ಇಂಜೆಕ್ಷನ್, ನಡಿಗೆಗೆ ಫಿಸಿಯೋ, ನುಂಗಲು ಕಷ್ಟ ಇದ್ದವರಿಗೆ ಸ್ಪೀಚ್ ಥೆರಪಿ, ಎಲ್ಲ ಅಲ್ಲೇ. ಅದೇ ಕಟ್ಟಡದಲ್ಲಿ ಕಾಯಂ ಆಗಿ ಉಳಿದವರೂ ಇರುವುದರಿಂದ ಜನರಿಗೆ ಗೊಂದಲ ಆಗುತ್ತದೆ, ಅಷ್ಟೇ.

ದುಡ್ಡಿನ ವಿಷಯ ಹೇಳಲೇಬೇಕು, ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ತಿಳಿದಿರಲಿ ಅಂತ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ, ಇಲ್ಲ. ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದು 5 ವರ್ಷ ಸತತ ಇಲ್ಲೇ ಇದ್ದ ಮೇಲೆ ನಾವು ಪ್ರೀಮಿಯಂ ಕಟ್ಟಿ ಅದನ್ನು ತೆಗೆದುಕೊಂಡಿದ್ದೆವು. ಮೆಡಿಕೇರ್ ಪೂರ್ತಿ ಖರ್ಚು ಕೊಡುವುದು ಮೊದಲ 20 ದಿನಕ್ಕೆ. 21ರಿಂದ 100ನೇ ದಿನದವರೆಗೆ ನಮ್ಮ ಪಾಲು ದಿನಕ್ಕೆ 209.50 ಡಾಲರ್, ಇದು 2025ರ ಲೆಕ್ಕ. ಆಮೇಲೆ ಎಲ್ಲ ನಮ್ಮದೇ. ಇದಕ್ಕೂ ಮೊದಲು ಆಸ್ಪತ್ರೆಯಲ್ಲಿ ಕನಿಷ್ಠ 3 ದಿನ ಒಳರೋಗಿಯಾಗಿ ದಾಖಲಾಗಿರಬೇಕು. 'ಅಬ್ಸರ್ವೇಶನ್' (ಬರೀ ನಿಗಾದಲ್ಲಿ) ಅಂತ ಬರೆದುಕೊಂಡು ವಾರ್ಡಿನಲ್ಲಿ ಮಲಗಿಸಿದ್ದರೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಮಂಚ ಅದೇ, ನರ್ಸ್ ಅವರೇ, ಕಾಗದದಲ್ಲಿ ಒಂದು ಪದ ಬೇರೆ. ಯಾವುದು ಅಂತ ಮೊದಲ ದಿನವೇ ಕೇಳಿಕೊಳ್ಳಿ.

ಎಲ್ಲ ಚೆನ್ನಾಗಿತ್ತು ಅಂತ ಹೇಳಲಾರೆ. ಮೂರನೇ ರಾತ್ರಿ ಅಮ್ಮ ಬೆಲ್ ಒತ್ತಿ ಒತ್ತಿ ಸಾಕಾಗಿ ನನಗೆ ಫೋನ್ ಮಾಡಿದರು. "ಯಾರೂ ಬರ್ತಿಲ್ಲ ಪುಟ್ಟಿ, ಹಾಸಿಗೆಯಲ್ಲೇ ಆಗಿಹೋಯ್ತು" ಅಂದರು. ಆ ದನಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಹೋಗಿ ಆರೈಕೆ ಹೇಗಿರಬೇಕು ಅಂತ ಕೂತು ಮಾತಾಡುವ ಕೇರ್ ಪ್ಲಾನ್ ಮೀಟಿಂಗ್ ಬೇಕು ಅಂತ ಪಟ್ಟು ಹಿಡಿದೆ. ಅದು ನಮ್ಮ ಹಕ್ಕು, ಕೇಳಲು ಸಂಕೋಚ ಬೇಡ. ರಾತ್ರಿ ಎರಡು ಗಂಟೆಗೊಮ್ಮೆ ಬಂದು ಶೌಚಕ್ಕೆ ಕರೆದುಕೊಂಡು ಹೋಗಬೇಕು ಅಂತ ಬರೆಸಿದೆ. ಅದಕ್ಕೂ ಬಗ್ಗದಿದ್ದರೆ ದೂರು ಕೇಳಲು ಪ್ರತಿ ರಾಜ್ಯದಲ್ಲೂ ಓಂಬುಡ್ಸ್‌ಮನ್ ಇದ್ದಾರೆ. ನಾನು ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಅವತ್ತೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನೋವು, ನೀರು, ಬಾತ್‌ರೂಮು, ಚಳಿ, ಸಾಕು ಅಂತ ಬರೆದೆ. ಪಕ್ಕದಲ್ಲಿ ಅದನ್ನು ಹೇಳುವ ರೀತಿ ಮತ್ತು ಅರ್ಥ ಇಂಗ್ಲಿಷಿನಲ್ಲಿ. ಮಂಚದ ತಲೆಗೆ ಅಂಟಿಸಿದೆ. ರಾತ್ರಿ ಪಾಳಿಯ ಸಹಾಯಕಿ, ರಾತ್ರಿಯಿಡೀ ಅಷ್ಟೊಂದು ಜನರನ್ನು ಎತ್ತಿ ಕೂರಿಸಿ ದಣಿದ ಹೆಂಗಸು, ಮರುದಿನ ಬಾಗಿಲಲ್ಲೇ ನಿಂತು "ನೋವು?" ಅಂತ ಕೇಳಿದಳಂತೆ. ಅಮ್ಮ ಅದನ್ನು ನನಗೆ ನಾಲ್ಕು ಸಲ ಹೇಳಿದರು.

ಥೆರಪಿ ಹಾಲ್‌ನಲ್ಲಿ ನಾನು ಸುಮ್ನೆ ಕೂತು ನೋಡುವುದನ್ನು ಕಲಿತೆ. ಅದೇ ಎಲ್ಲಕ್ಕಿಂತ ಕಷ್ಟ. ಅಮ್ಮನ ಸೊಂಟಕ್ಕೆ ಅಗಲವಾದ ಬಟ್ಟೆಯ ಬೆಲ್ಟ್ ಬಿಗಿದು, ಹಿಂದಿನಿಂದ ಅದನ್ನು ಹಿಡಿದು ಫಿಸಿಯೋ ನಿಲ್ಲುತ್ತಾರೆ. ಎತ್ತುವುದಿಲ್ಲ, ಬೀಳದಂತೆ ಕಾಯುತ್ತಾರೆ. ಕುರ್ಚಿಯಿಂದ ಏಳಲು ಅಮ್ಮ ಮೂರು ಸಲ ಪ್ರಯತ್ನಿಸಿದರು. ಎರಡನೇ ಸಲಕ್ಕೆ ನಾನು ಎದ್ದು ಓಡಿಬಿಡುತ್ತಿದ್ದೆ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮಲ್ಲಿ ಸೇವೆ ಅಂದರೆ ಎಲ್ಲವನ್ನೂ ನಾವೇ ಮಾಡಿಕೊಡುವುದು ಅಲ್ವಾ? ಮಲಗಿದಲ್ಲಿಗೇ ಊಟ, ಕೂತಲ್ಲಿಗೇ ನೀರು. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಮಲಗಿದಷ್ಟೂ ಕಾಲಿನ ಬಲ ಇಳಿಯುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಲ್ಲಿ ಹುಣ್ಣಾಗುತ್ತದೆ. ಇದನ್ನು ತಿಳಿಯದೇ ನಾವು ಅಜ್ಜಿಯನ್ನು ಮಂಚದ ಮೇಲೇ ಉಳಿಸಿಬಿಟ್ಟೆವು. ಅದು ನೆನಪಾಗಿ ಅವತ್ತು ಕಾರಿನಲ್ಲಿ ಕೂತು ಅತ್ತೆ.

19ನೇ ದಿನ ಅಮ್ಮ ಮನೆಗೆ ಬಂದರು. ಗ್ಯಾರೇಜಿನಿಂದ ಒಳಗೆ ಬರಲು ನಾಲ್ಕು ಮೆಟ್ಟಿಲು. ಕಂಬಿ ಹಿಡಿದು ಒಂದು ಕ್ಷಣ ನಿಂತರು. ನಾನು ಹಿಂದೆ ನಿಂತು ಬೆಲ್ಟ್ ಹಿಡಿದಿದ್ದೆ, ಬರೀ ಹಿಡಿದಿದ್ದೆ. "ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು" ಅಂತ ಅಲ್ಲಿ ಕಲಿತದ್ದನ್ನು ತಾವೇ ಮೆಲ್ಲಗೆ ಹೇಳಿಕೊಂಡು, ಎಡಗಾಲು ಎತ್ತಿ ಮೊದಲ ಮೆಟ್ಟಿಲ ಮೇಲಿಟ್ಟರು.