ಮೂವತ್ತೇಳು ಪಟ್ಟಿಗಳನ್ನು ಮನೆಗೆ ತಂದ ದಿನ

2016ರ ಅಕ್ಟೋಬರ್ ತಿಂಗಳ ಒಂದು ಶನಿವಾರ ನಾನೂ ನನ್ನ ಮಗಳೂ ಬಾಸ್ಟನ್ ಹೊರವಲಯದ ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿದ್ದ ಸಣ್ಣ ಊರಿಗೆ, ಒಬ್ಬ ಹಿರಿಯ ವಾದಕರಿಂದ ಹಳೆಯ ವೈಬ್ರಫೋನ್ ಕೊಳ್ಳಲು ಹೋಗಿದ್ದೆವು. ಮಗಳಿಗೆ ಆಗ ಹದಿನಾರು ವರ್ಷ. ಶಾಲೆಯ ಜಾಸ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವಳು ಒಂದು ದಿನ ಮನೆಗೆ ಬಂದು, ಇನ್ನು ಮುಂದೆ ತಾನು ವೈಬ್ರಫೋನನ್ನೇ ಕಲಿಯುವುದಾಗಿ ಹೇಳಿದಳು. ಶಾಲೆಯ ವಾದ್ಯ ಸಂಜೆ ನಾಲ್ಕಕ್ಕೆ ಕೋಣೆಯೊಳಗೆ ಬೀಗದಲ್ಲಿ ಸೇರುತ್ತಿತ್ತು. ಹೊಸದರ ಬೆಲೆ ಹಲವು ಸಾವಿರ ಡಾಲರ್. ಬ್ಯಾಂಡ್ ಮಾಸ್ತರರು ಎಲ್ಲೆಲ್ಲೋ ವಿಚಾರಿಸಿ, ನುಡಿಸುವುದನ್ನು ಬಿಟ್ಟಿರುವ ಒಬ್ಬರು ತಮ್ಮ ವಾದ್ಯವನ್ನು 1,400 ಡಾಲರಿಗೆ ಕೊಡಲು ಸಿದ್ಧರಿದ್ದಾರೆಂದು ತಿಳಿಸಿದರು.

ಈ ವಾದ್ಯದ ಹೆಸರು ಕೇಳದವರೂ ಅದರ ದನಿಯನ್ನು ಕೇಳಿಯೇ ಇರುತ್ತಾರೆ. ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ತಣ್ಣನೆಯ ಗಂಟೆಯಂತೆ ತೇಲಿಬಂದು ಕರಗುವ ಸ್ವರಗಳು ಎಷ್ಟೋ ಸಲ ಇದರವೇ. ಪಿಯಾನೋದ ಮನೆಗಳಂತೆ ಎರಡು ಸಾಲಿನಲ್ಲಿ ಜೋಡಿಸಿದ ಲೋಹದ ಪಟ್ಟಿಗಳು, ಅವುಗಳ ಕೆಳಗೆ ತೂಗುವ ಕೊಳವೆಗಳು, ಕಾಲಿನಿಂದ ಒತ್ತುವ ಒಂದು ಪೆಡಲ್. ತುದಿಗೆ ನೂಲು ಸುತ್ತಿದ ಬೆತ್ತದ ಕೋಲುಗಳಿಂದ ನುಡಿಸಬೇಕು. ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿ 1920ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಪಟ್ಟಿಗಳು ಉಕ್ಕಿನವಾಗಿದ್ದವು. 1927ರಲ್ಲಿ ಶಿಕಾಗೋದ ಡೀಗನ್ ಕಂಪನಿ ಅಲ್ಯೂಮಿನಿಯಂ ಪಟ್ಟಿಗಳನ್ನು ಹಾಕಿ, ನಾದವನ್ನು ನಿಲ್ಲಿಸುವ ಪೆಡಲನ್ನೂ ಸೇರಿಸಿತು. ವೀಣೆಗೆ ಅನೇಕ ಶತಮಾನಗಳ ವಂಶಾವಳಿ ಇದೆ. ಇದಕ್ಕೆ ಇನ್ನೂ ನೂರು ವರ್ಷವೂ ತುಂಬಿರಲಿಲ್ಲ.

ಹಿರಿಯರ ಮನೆಯ ಬೇಸ್‌ಮೆಂಟಿನಲ್ಲಿ ವಾದ್ಯ ಒಂದು ಹತ್ತಿಯ ಹೊದಿಕೆಯ ಕೆಳಗಿತ್ತು. ಅವರಿಗೆ ಅರವತ್ತೈದು ದಾಟಿದ್ದಿರಬೇಕು. ಎರಡೂ ಮಣಿಕಟ್ಟುಗಳಿಗೆ ಬ್ಯಾಂಡೇಜ್ ಕಟ್ಟಿಕೊಂಡಿದ್ದರು. ಹೆಸರಾಂತ ವೈಬ್ರಫೋನ್ ವಾದಕ ಗ್ಯಾರಿ ಬರ್ಟನ್ 1971ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಕಲಿಸತೊಡಗಿದ ಆರಂಭದ ವರ್ಷಗಳಲ್ಲಿ ಅಲ್ಲಿ ಓದಿದವರು. ವ್ಯಾಪಾರ ಮಾತಾಡುವ ಮೊದಲೇ ಅವರು ಮಗಳ ಕೈಗೆ ನಾಲ್ಕು ಕೋಲು ಕೊಟ್ಟು, ಒಂದೊಂದು ಅಂಗೈಯಲ್ಲಿ ಎರಡೆರಡನ್ನು ಅಡ್ಡಹಾಯುವಂತೆ ಹಿಡಿಸಿದರು. ಈ ಹಿಡಿತಕ್ಕೆ ಬರ್ಟನ್ ಅವರ ಹೆಸರೇ ಇದೆ. ಇಂಡಿಯಾನಾ ರಾಜ್ಯದಲ್ಲಿ ಬೆಳೆದ ಆ ಹುಡುಗನಿಗೆ ಜೊತೆಯಲ್ಲಿ ನುಡಿಸಲು ಯಾರೂ ಇರಲಿಲ್ಲ. ರಾಗವನ್ನೂ ಅದಕ್ಕೆ ಆಸರೆಯಾದ ಸ್ವರಮೇಳವನ್ನೂ ಒಬ್ಬನೇ ನುಡಿಸಿಕೊಳ್ಳಬೇಕಾಗಿ ಬಂದದ್ದರಿಂದಲೇ ನಾಲ್ಕು ಕೋಲು ಹಿಡಿದ. ಒಂಟಿತನಕ್ಕೆ ಕಂಡುಕೊಂಡ ಆ ಉಪಾಯ ಒಂದು ವಾದನ ಪದ್ಧತಿಯಾಗಿ, 1972ರಲ್ಲಿ ಚಿಕ್ ಕೊರಿಯಾ ಅವರ ಪಿಯಾನೋದೊಂದಿಗೆ ಓಸ್ಲೋದಲ್ಲಿ ಧ್ವನಿಮುದ್ರಿಸಿದ ಜುಗಲ್‌ಬಂದಿಯವರೆಗೂ ಬೆಳೆಯಿತು.

“ಹೊಡೆಯುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ, ನಿಲ್ಲಿಸುವುದನ್ನು ಕಲಿಯಲು ಹತ್ತು ವರ್ಷ ಬೇಕು” ಎಂದು ಹಿರಿಯರು ಮಗಳಿಗೆ ಹೇಳಿದರು. ಪೆಡಲ್ ಒತ್ತಿ ಹಿಡಿದರೆ ಪಟ್ಟಿಗಳೆಲ್ಲ ಒಟ್ಟಿಗೆ ಮೊಳಗುತ್ತವೆ, ಬಿಟ್ಟರೆ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತವೆ. ಒಂದು ಸ್ವರವನ್ನು ಉಳಿಸಿಕೊಂಡು ಅದರ ಪಕ್ಕದ್ದನ್ನು ಮಾತ್ರ ಆರಿಸಬೇಕಾದರೆ, ಹೊಸ ಸ್ವರವನ್ನು ಹೊಡೆಯುವ ಕ್ಷಣದಲ್ಲೇ ಇನ್ನೊಂದು ಕೋಲಿನ ನೂಲಿನ ತಲೆಯನ್ನು ಹಳೆಯ ಪಟ್ಟಿಯ ಮೇಲೆ ಮೆತ್ತಗೆ ಒತ್ತಬೇಕು. ಅವರು ಮಾಡಿ ತೋರಿಸಿದರು. ನೋವಿದ್ದ ಕೈಯೇ ಆದರೂ, ಒಂದು ಸ್ವರ ಇನ್ನೊಂದಕ್ಕೆ ಜಾಗ ಬಿಟ್ಟುಕೊಟ್ಟದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಏಳು ವರ್ಷ ವೀಣೆ ಕಲಿತವಳು ನಾನು. ನಾದ ತಾನಾಗಿ ಕರಗುವುದಕ್ಕೆ ಕಾಯುವುದಷ್ಟೇ ನನಗೆ ಗೊತ್ತಿದ್ದದ್ದು.

ನಂತರ ಬಿಚ್ಚುವ ಕೆಲಸ. ಇಡೀ ವಾದ್ಯದ ತೂಕ ಐವತ್ತು ಕಿಲೋಗೂ ಹೆಚ್ಚು. ಹಾಗೆಯೇ ಎತ್ತಿಕೊಂಡು ಹೋಗುವ ಮಾತೇ ಇಲ್ಲ. ಕೊಳವೆಗಳ ಸಾಲನ್ನು ಅವರು ಮೊದಲು ಕಳಚಿ ಕೊಟ್ಟರು. ಹೊರಗಿನಿಂದ ಉದ್ದವಾಗಿ ಕಾಣುವ ಕೆಲವು ಕೊಳವೆಗಳ ಒಳಗೆ ಅರ್ಧದಲ್ಲೇ ಬಿರಡೆ ಇತ್ತು: ಮೇಲಿನ ಸ್ವರಕ್ಕೆ ಗಿಡ್ಡ ಕೊಳವೆ ಸಾಕು, ಉಳಿದ ಉದ್ದ ಬರೀ ಅಂದಕ್ಕೆ. ಪ್ರತಿ ಪಟ್ಟಿಗೂ ಎರಡು ತೂತುಗಳಿದ್ದು ಅವುಗಳ ಮೂಲಕ ಹುರಿ ಹಾದುಹೋಗುತ್ತದೆ. ಆ ತೂತುಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಪಟ್ಟಿ ಕಂಪಿಸುವಾಗ ನಡುಭಾಗವೂ ತುದಿಗಳೂ ಮೇಲೆ ಕೆಳಗೆ ಆಡುತ್ತವೆ. ಒಂದೊಂದು ತುದಿಯಿಂದ ಉದ್ದದ ಸುಮಾರು ಶೇ. 22ರಷ್ಟು ಒಳಗಿನ ಜಾಗ ಮಾತ್ರ ನಿಶ್ಚಲವಾಗಿರುತ್ತದೆ. ಅಲ್ಲಿ ಹುರಿ ಹಾಯಿಸಿದರೆ ನಾದಕ್ಕೆ ತಡೆಯಾಗುವುದಿಲ್ಲ. ಹುರಿಯ ಸಮೇತ ಪಟ್ಟಿಗಳನ್ನು ಚಾಪೆಯಂತೆ ಸುತ್ತಿಬಿಡಬಹುದು ಎಂದು ಹೇಳುತ್ತಾ ಅವರು ಮೊದಲ ಸುತ್ತು ಹಾಕುವಷ್ಟರಲ್ಲಿ, ಎಷ್ಟೋ ವರ್ಷ ಹಳೆಯದಾಗಿದ್ದ ಹುರಿ ಪಟ್ಟೆಂದು ಕಿತ್ತುಹೋಗಿ, ಪಟ್ಟಿಗಳು ಒಂದರ ಹಿಂದೊಂದು ಜಾರಿ ಜಮಖಾನೆಯ ಮೇಲೆ ಬಿದ್ದವು. ಬೀಳುವಾಗ ಒಂದೊಂದೂ ತನ್ನ ಸ್ವರವನ್ನು ಹೇಳಿಯೇ ಬಿತ್ತು.

ಮಗಳು ಗಾಬರಿಯಿಂದ ಪಟ್ಟಿಗಳ ಮೇಲೆ ನಂಬರ್ ಬರೆಯಲು ಪೆನ್ನು ಕೇಳಿದಾಗ ಹಿರಿಯರು ವೈಬ್ರಫೋನ್ ವಾದಕ ಬಾಬಿ ಹಚರ್ಸನ್ ಅವರ ಕಥೆ ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಷ್ಟೇ ಹಚರ್ಸನ್ ತೀರಿಕೊಂಡಿದ್ದರು. ಹಿರಿಯರ ಗ್ರಾಮೊಫೋನಿನ ಮೇಲೆ ಹಚರ್ಸನ್ ಅವರದೇ ತಟ್ಟೆ ಇತ್ತು. ಲಾಸ್ ಏಂಜಲೀಸ್ ಕಡೆಯ ಹುಡುಗ ಹಚರ್ಸನ್, ಅದೇ ವಾದ್ಯದ ಹಿರಿಯ ವಾದಕ ಮಿಲ್ಟ್ ಜಾಕ್ಸನ್ ನುಡಿಸಿದ ಒಂದು ಧ್ವನಿಮುದ್ರಿಕೆ ಕೇಳಿ ಮರುಳಾಗಿ, ಇಟ್ಟಿಗೆ ಕಟ್ಟುವ ಮೇಸ್ತ್ರಿಯಾಗಿದ್ದ ತಂದೆಯ ಜೊತೆ ಕೆಲಸ ಮಾಡಿ, ಹಣ ಕೂಡಿಟ್ಟು ವೈಬ್ರಫೋನ್ ಕೊಂಡರು. ಕಲಿಯಲು ಪುರಸತ್ತಿಲ್ಲದೆಯೇ ಮೊದಲ ಕಾರ್ಯಕ್ರಮ ಬಂತು. ಗೆಳೆಯನ ಸಲಹೆಯಂತೆ, ಹೊಡೆಯಬೇಕಾದ ಕ್ರಮದಲ್ಲಿ ಪಟ್ಟಿಗಳ ಮೇಲೆ ಕಪ್ಪು ಮಸಿಯಿಂದ ಅಂಕಿ ಬರೆದಿಟ್ಟರು. ವೇದಿಕೆಯ ಮೇಲೆ ಯಾರೋ ವಾದ್ಯ ಕೊಳೆಯಾಗಿದೆಯೆಂದು ಒದ್ದೆ ಬಟ್ಟೆಯಿಂದ ಒರೆಸಿ ಅಂಕಿಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಅಂಥ ಅವಮಾನದಿಂದ ಆರಂಭವಾದ ಬದುಕು ಅದು. ಮುಂದೆ ನ್ಯೂಯಾರ್ಕಿಗೆ ಹೋಗಿ ಟ್ಯಾಕ್ಸಿ ಓಡಿಸುತ್ತಾ ನುಡಿಸುತ್ತಾ 1960ರ ದಶಕದ ಹೊಸ ಜಾಸ್‌ನ ದನಿಯನ್ನೇ ರೂಪಿಸಿದರು. ಜನಪ್ರಿಯವಾದ ಒಂದೇ ಒಂದು ಕೃತಿಯ ಹಣದಿಂದ ಕ್ಯಾಲಿಫೋರ್ನಿಯಾದ ಮೊಂಟಾರಾದಲ್ಲಿ ಜಮೀನು ಕೊಂಡು ಕೊನೆಯವರೆಗೂ ಅಲ್ಲೇ ಬಾಳಿದರು. “ನಂಬರ್ ಬೇಡ, ಪಟ್ಟಿಯ ಉದ್ದವೇ ಅದರ ಜಾಗ ಹೇಳುತ್ತದೆ” ಎಂದು ಹಿರಿಯರು ಪಟ್ಟಿಗಳನ್ನು ಹಳೆಯ ಟವೆಲುಗಳಲ್ಲಿ ಸುತ್ತಿಕೊಟ್ಟರು.

ಅವರ ಸ್ವಂತ ವೃತ್ತಿಯ ಕಥೆ ಕಾಫಿ ಕುಡಿಯುವಾಗ ಹೊರಬಂತು. ನಾನು ಆ ದಿನವನ್ನು ಇಂದಿಗೂ ನೆನೆಯುವುದು ಹೆಚ್ಚಾಗಿ ಈ ಕಾರಣಕ್ಕೆ. ಜಾಸ್ ತಂಡವೊಂದಕ್ಕೆ ಪಿಯಾನೋ ಬೇಕೇ ಬೇಕು, ಬಾಸ್ ಬೇಕು, ಡ್ರಮ್ಸ್ ಬೇಕು. ವೈಬ್ರಫೋನ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕ್ಲಬ್ಬಿನಲ್ಲಿ ಪಿಯಾನೋ ಕಾದಿರುತ್ತದೆ, ಈ ವಾದ್ಯವನ್ನು ಮಾತ್ರ ವಾದಕನೇ ಹೊತ್ತು ತರಬೇಕು. ಎಲ್ಲರೂ ಸಾಮಾನು ಕಟ್ಟಿ ಊಟಕ್ಕೆ ಕುಳಿತಾಗಲೂ ಅವನು ಇನ್ನೂ ಕೊಳವೆ ಕಳಚುತ್ತಿರುತ್ತಾನೆ. ಹಿರಿಯರು ಆರು ತಿಂಗಳು ಪ್ರವಾಸಿ ಹಡಗಿನಲ್ಲಿ ನುಡಿಸಿದರು, ಮದುವೆಗಳಲ್ಲಿ ಡ್ರಮ್ಸ್ ಬಾರಿಸಿದರು, ಸಂಗೀತ ನಾಟಕಗಳ ವಾದ್ಯವೃಂದದಲ್ಲಿ ಝೈಲೋಫೋನಿನಿಂದ ಟಿಂಪನಿಯವರೆಗೆ ಸಿಕ್ಕಿದ್ದೆಲ್ಲವನ್ನೂ ನುಡಿಸಿದರು. ಜಾಹೀರಾತುಗಳ ಧ್ವನಿಮುದ್ರಣದಿಂದ ಸ್ವಲ್ಪ ಹಣ ಬರುತ್ತಿತ್ತು. 1983ರಲ್ಲಿ ಯಮಾಹಾ ಡಿಎಕ್ಸ್7 ಸಿಂಥಸೈಜರ್ ಬಂದ ಮೇಲೆ ಗುಂಡಿಯೊಂದನ್ನು ಒತ್ತಿದರೆ ವೈಬ್ರಫೋನಿನಂಥ ದನಿ ಹೊರಡುವಂತಾಗಿ ಆ ಕೆಲಸವೂ ಕರಗಿತು. ಕೊನೆಗೆ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಬ್ಯಾಂಡ್ ಕಲಿಸಿದರು.

ಇದು ಸೋತವರೊಬ್ಬರ ಕಥೆಯೆಂದು ನನಗೆ ಅನ್ನಿಸಲಿಲ್ಲ, ಏಕೆಂದರೆ ದೊಡ್ಡ ಹೆಸರುಗಳ ಬದುಕೂ ಇದಕ್ಕಿಂತ ತೀರಾ ಭದ್ರವಾಗಿರಲಿಲ್ಲ. ಡ್ರಮ್ಸ್ ವಾದಕ ಲಯೊನೆಲ್ ಹ್ಯಾಂಪ್ಟನ್ ಈ ವಾದ್ಯಕ್ಕೆ ಬಂದದ್ದು, 1930ರಲ್ಲಿ ಲಾಸ್ ಏಂಜಲೀಸ್‌ನ ಧ್ವನಿಮುದ್ರಣ ಕೋಣೆಯ ಮೂಲೆಯಲ್ಲಿ ಅದು ಇದ್ದುದರಿಂದ, ಇದನ್ನು ನುಡಿಸಲು ಬರುತ್ತದೆಯೇ ಎಂದು ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೇಳಿದ್ದರಿಂದ. ಆರು ವರ್ಷಗಳ ನಂತರ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರ ತಂಡದಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆಯ ಮೇಲೆ ನುಡಿಸಿದ ಅಪರೂಪದ ನಾಲ್ವರಲ್ಲಿ ಅವರೊಬ್ಬರಾದರು. ಮಿಲ್ಟ್ ಜಾಕ್ಸನ್ ಇದ್ದ ಮಾಡರ್ನ್ ಜಾಸ್ ಕ್ವಾರ್ಟೆಟ್ ಲೋಕವೆಲ್ಲ ಸುತ್ತಿ ಗೌರವ ಗಳಿಸಿದರೂ, ಅಷ್ಟು ಪ್ರಸಿದ್ಧಿಗೆ ತಕ್ಕ ಸಂಪಾದನೆ ಇಲ್ಲವೆಂಬ ಬೇಸರ ಅವರಿಗಿತ್ತು. 1974ರಲ್ಲಿ ಅವರು ಹೊರಬಂದಾಗ ತಂಡವೇ ನಿಂತುಹೋಯಿತು. ಮತ್ತೆ ಒಂದಾಗಲು 1981ರವರೆಗೆ ಕಾಯಬೇಕಾಯಿತು. ಇದನ್ನೆಲ್ಲ ಹೇಳುವಾಗ ಹಿರಿಯರ ದನಿಯಲ್ಲಿ ಕಹಿ ಇರಲಿಲ್ಲ. ಮಗಳು ಇದನ್ನೇ ವೃತ್ತಿಯಾಗಿ ಹಿಡಿದರೆ ಹೇಗೆ ಎಂದು ನಾನು ಅವರನ್ನು ಕೇಳಿದೆ. ಅವರು ಉತ್ತರಿಸದೆ ನಮ್ಮ ವ್ಯಾನಿನ ಹಿಂದಿನ ಸೀಟುಗಳು ಪೂರ್ತಿ ಮಡಚುತ್ತವೆಯೇ ಎಂದು ವಿಚಾರಿಸಿದರು. ಮಡಚುತ್ತವೆ ಎಂದೆ. ಹಾಗಾದರೆ ಆ ವ್ಯಾನನ್ನು ಮಾರಬೇಡಿ ಎಂದರು.

ರಾತ್ರಿ ಊಟವಾದ ಮೇಲೆ ನಮ್ಮ ಹಜಾರದಲ್ಲಿ ಹೊಸ ಹುರಿ ಹಾಕಲು ಕುಳಿತೆವು. ಕೆಳಸಾಲಿಗೆ ಇಪ್ಪತ್ತೆರಡು, ಮೇಲಿನ ಸಾಲಿಗೆ ಹದಿನೈದು. ಮಲ್ಲಿಗೆ ದಂಡೆ ಕಟ್ಟುವಷ್ಟೇ ತಾಳ್ಮೆ ಬೇಡುವ ಕೆಲಸ. ಎಲ್ಲವೂ ಮುಗಿದು ಮಗಳು ಕೆಳಸಾಲನ್ನು ಎಡದಿಂದ ಬಲಕ್ಕೆ ನುಡಿಸಿದಾಗ ಎಲ್ಲೋ ಎಡವಿದಂತಾಯಿತು, ಆದರೆ ಎಲ್ಲಿ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಸಿ ಪಟ್ಟಿಯಿಂದ ಮತ್ತೆ ಆರಂಭಿಸಲು ಹೇಳಿ ನಾನು ಜೊತೆಗೆ ಸ್ವರ ಹಾಡಿದೆ. ಸಿ ಯನ್ನು ಷಡ್ಜವೆಂದುಕೊಂಡರೆ ಆ ಸಾಲು ನಮ್ಮ ಶಂಕರಾಭರಣವೇ ತಾನೇ. ಸ, ರಿ ಎರಡೂ ಸರಿಯಾಗಿಯೇ ಬಂದವು. ನಾನು ಗಾಂಧಾರ ಹಾಡಿದಾಗ ವಾದ್ಯ ಮಧ್ಯಮ ನುಡಿಯಿತು, ಮಧ್ಯಮಕ್ಕೆ ಗಾಂಧಾರ. ಇ ಮತ್ತು ಎಫ್ ಪಟ್ಟಿಗಳ ನಡುವೆ ಅರ್ಧ ಸ್ವರದಷ್ಟೇ ಅಂತರವಿರುವುದರಿಂದ ಉದ್ದದ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅವೆರಡು ಅದಲುಬದಲಾಗಿದ್ದವು. ಅರ್ಧ ಸಾಲು ಬಿಚ್ಚಿ ಮತ್ತೆ ಪೋಣಿಸುವಷ್ಟರಲ್ಲಿ ಹನ್ನೊಂದೂವರೆಯಾಯಿತು.

ಮೋಟಾರ್ ಮಾತ್ರ ಓಡಲಿಲ್ಲ. ಕೊಳವೆಗಳ ಬಾಯಲ್ಲಿ ಪುಟ್ಟ ಬಿಲ್ಲೆಗಳಿದ್ದು, ಅವನ್ನು ಮೋಟಾರ್ ತಿರುಗಿಸಿದಾಗ ಕೊಳವೆ ಮುಚ್ಚಿ ತೆರೆದು ನಾದಕ್ಕೆ ಅಲೆ ಮೂಡುತ್ತದೆ. ಬರ್ಟನ್ ಪರಂಪರೆಯವರು ಅದನ್ನು ಹೆಚ್ಚಾಗಿ ಬಳಸುವುದಿಲ್ಲ. ಹಿರಿಯರ ವಾದ್ಯದಲ್ಲಿ ಅದರ ರಬ್ಬರ್ ಬೆಲ್ಟೇ ಇರಲಿಲ್ಲ. ಮಗಳಿಗೂ ಅದು ಬೇಕಾಗಿರಲಿಲ್ಲ. ನನಗೆ ಬೇಕಾಗಿತ್ತು. ಮಿಲ್ಟ್ ಜಾಕ್ಸನ್ ಹ್ಯಾಂಪ್ಟನ್ ಅವರಿಗಿಂತ ಬಹಳ ನಿಧಾನವಾಗಿ ಬಿಲ್ಲೆಗಳನ್ನು ತಿರುಗಿಸಿ ಹಾಡುಗಾರನ ಉಸಿರಿನಂಥ ದನಿ ತರುತ್ತಿದ್ದುದನ್ನು ಆ ವಾರವೆಲ್ಲ ಕೇಳಿದ್ದೆ. ಅದು ಗಮಕವಲ್ಲ; ಸ್ವರ ಅಲುಗುವುದಿಲ್ಲ, ಅದರ ತುಂಬು ಮಾತ್ರ ಏರಿಳಿಯುತ್ತದೆ. ಆದರೂ ತಂತಿಯನ್ನು ಎಳೆದು ಬೆಳೆದ ನನ್ನ ಎಡಗೈ ಅದನ್ನು ಕೇಳಿದಾಗಲೆಲ್ಲ ತಾನಾಗಿ ಅಲುಗುತ್ತಿತ್ತು.

ಮುಂದಿನ ಶನಿವಾರ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಅಳತೆಗೆ ಹೊಂದುವ ರಬ್ಬರ್ ಉಂಗುರವೊಂದು ಎರಡು ಡಾಲರಿಗೆ ಸಿಕ್ಕಿತು. ಮಗಳು ಅಭ್ಯಾಸ ಮುಗಿಸಿ ಮಲಗಲು ಹೋದ ಮೇಲೆ ಅದನ್ನು ಏರಿಸಿ, ಮೋಟಾರನ್ನು ಅತಿ ನಿಧಾನಕ್ಕೆ ಇಟ್ಟು, ಪೆಡಲ್ ಒತ್ತಿ, ಕೆಳಗಿನ ಎಫ್ ಪಟ್ಟಿಯನ್ನು ಒಂದೇ ಸಲ ಮುಟ್ಟಿದೆ. ಸ್ವರ ಏಳುತ್ತಾ ಬೀಳುತ್ತಾ ಹಜಾರದ ತುದಿಯವರೆಗೆ ಹೋಯಿತು. ಮಹಡಿಯ ಮೇಲಿನಿಂದ, “ಅಮ್ಮಾ, ಇನ್ನೊಂದು ಸಲ” ಎಂದು ಮಗಳು ಕೂಗಿದಳು.