ಒಂದೇ ಗಂಟಲಿನಿಂದ ಎರಡು ಸ್ವರ ಹೊರಡುವುದು ಹೇಗೆ?

ರಷ್ಯಾದ ತುವಾ ಪ್ರಾಂತ್ಯದ ಮತ್ತು ಮಂಗೋಲಿಯಾದ ಗಾಯಕರು ಕೆಳಗೊಂದು ಸ್ವರ ಹಿಡಿದು, ಅದರ ಮೇಲೆ ಸಿಳ್ಳೆಯಂಥ ಇನ್ನೊಂದು ಸ್ವರ ಹಾಡುತ್ತಾರೆ. ಅದನ್ನು ಕೇಳಿದವರದೆಲ್ಲ ಒಂದೇ ಪ್ರಶ್ನೆ: ಅವರ ಗಂಟಲು ನಮ್ಮಂಥದ್ದಲ್ಲವೇ?

ನಮ್ಮಂಥದ್ದೇ. ಮೇಲಿನ ಸ್ವರ ಹೊಸದಾಗಿ ಹುಟ್ಟುವುದಿಲ್ಲ, ನಿಮ್ಮ ದನಿಯಲ್ಲೂ ಅದು ಇದ್ದೇ ಇದೆ. 150 ಹರ್ಟ್ಸ್ (ಸೆಕೆಂಡಿಗೆ 150 ಕಂಪನ) ಶ್ರುತಿಯಲ್ಲಿ 'ಆ' ಎಂದರೆ ಜೊತೆಗೆ 300, 450, 600 ಹೀಗೆ ಉಪಸ್ವರಗಳ ಸಾಲೇ ಹೊರಡುತ್ತದೆ. ಕಿವಿ ಎಲ್ಲವನ್ನೂ ಬೆರೆಸಿ ಒಂದೇ ದನಿ ಎಂದುಕೊಳ್ಳುತ್ತದೆ. ಬಾಯಿಯ ಅನುರಣನವನ್ನು, ಅಂದರೆ ಬಾಯೊಳಗಿನ ಗಾಳಿ ಕೆಲವು ಸ್ವರಗಳನ್ನು ಎತ್ತಿ ಕೇಳಿಸುವ ಗುಣವನ್ನು, ಕಿರಿದುಮಾಡಿ ಒಂದೇ ಉಪಸ್ವರದ ಮೇಲೆ ನಿಲ್ಲಿಸಿದರೆ ಅದು ಬೇರೆಯಾಗಿ ಕೇಳಿಸುತ್ತದೆ.

ಆರಾಮದ ತಗ್ಗು ಶ್ರುತಿಯೊಂದನ್ನು ಗಟ್ಟಿಯಾಗಿ ಹಿಡಿಯಿರಿ. 'ಲ' ಎನ್ನಲು ಹೊರಟಂತೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನ ಒಸಡಿಗೆ ಒತ್ತಿ. ನಾಲಿಗೆಯ ಅಂಚುಗಳೂ ಒಸಡಿಗೆ ತಾಗಿರಲಿ. ಒಂದು ಬದಿಯ ದವಡೆಹಲ್ಲಿನ ಹತ್ತಿರ ಮಾತ್ರ ಸಣ್ಣ ಸಂದು ಬಿಡಿ. ತುಟಿ ಕೊಂಚ ಮುಂದೆ ಚಾಚಿ, ಬಾಯೊಳಗೇ 'ಊ'ನಿಂದ 'ಈ'ಗೆ ಬಹಳ ನಿಧಾನವಾಗಿ ಸರಿಯಿರಿ. ಉಪಸ್ವರ ಜಾರುತ್ತ ಏರುವುದಿಲ್ಲ, ಮೆಟ್ಟಿಲು ಹತ್ತಿದಂತೆ ಏರುತ್ತದೆ. ಮೂಲ ಶ್ರುತಿಯನ್ನೇ 1 ಎಂದು ಎಣಿಸಿದರೆ, 150ರ ಶ್ರುತಿಯಲ್ಲಿ 6ನೆಯದು 900 ಹರ್ಟ್ಸ್, ಅಂದರೆ ಪಂಚಮ. 8, 9, 10, 12 ಕ್ರಮವಾಗಿ ಸ, ರಿ, ಗ, ಪ. 7 ಮತ್ತು 11 ನಮ್ಮ ಸ್ವರಸ್ಥಾನಗಳಲ್ಲಿ ಸರಿಯಾಗಿ ಕೂರುವುದಿಲ್ಲ.

ಹೆಚ್ಚಿನವರು ಸೋಲುವುದು ನಾಲಿಗೆಯಲ್ಲಲ್ಲ, ದನಿಯಲ್ಲಿ. ಉಸಿರು ಬೆರೆತ ಮೆತ್ತನೆಯ ದನಿಯಲ್ಲಿ ಮೇಲಿನ ಉಪಸ್ವರಗಳೇ ದುರ್ಬಲ, ಬಾಯಿ ಎಷ್ಟು ತಿದ್ದಿದರೂ ಎತ್ತಲು ಏನೂ ಇರುವುದಿಲ್ಲ. ನಾಲಿಗೆಯ ಜೊತೆ ಶ್ರುತಿಯೂ ಏರಿಬಿಡುವುದು ಇನ್ನೊಂದು ತೊಂದರೆ. ಅದಕ್ಕೆ ತಂಬೂರಿ ನಾದ ಹಾಕಿಕೊಳ್ಳಿ. ಎತ್ತರದ ಶ್ರುತಿಯವರಿಗೆ ಮೆಟ್ಟಿಲುಗಳ ಅಂತರ ದೊಡ್ಡದು, ಸಿಗುವ ಸ್ವರಗಳೂ ಕಡಿಮೆ. ಗಂಟಲು ಕೆರೆದರೆ ಅಂದಿಗೆ ನಿಲ್ಲಿಸಿ. ಒತ್ತಡ ಹೆಚ್ಚಿಸಿ ಗೆಲ್ಲುವ ವಿದ್ಯೆ ಇದಲ್ಲ.

ಕರ್ಗಿರಾ ಎಂಬ ಗೊರಗೊರ ಶೈಲಿಯ ಬಗೆ ಬೇರೆ. ಅಲ್ಲಿ ಧ್ವನಿತಂತುಗಳ ಮೇಲಿನ ಮಡಿಕೆಗಳು ಎರಡು ಕಂಪನಕ್ಕೆ ಒಂದರಂತೆ ಅದುರುತ್ತವೆ, ಹಾಗಾಗಿ ಒಂದು ಸ್ಥಾಯಿ ಕೆಳಗಿನ ಸ್ವರ ಕೇಳಿಸುತ್ತದೆ.

ಊದುವ ವಾದ್ಯಗಳಲ್ಲೂ ಒಟ್ಟಿಗೆ ಎರಡು ಸ್ವರ ಹೊರಡಿಸಲು ಎರಡು ದಾರಿಗಳಿವೆ. ಮೊದಲನೆಯದು ಊದುತ್ತಲೇ ಹಾಡುವುದು. ಟ್ರಾಂಬೋನ್ ಎಂಬ ಹಿತ್ತಾಳೆಯ ವಾದ್ಯದಲ್ಲಿ 100 ಹರ್ಟ್ಸ್ ಷಡ್ಜ ಊದಿ, ಗಂಟಲಲ್ಲಿ 150ರ ಪಂಚಮ ಹಾಡಿದರೆ ಅವುಗಳ ಮೊತ್ತ 250 (ಗಾಂಧಾರ), ವ್ಯತ್ಯಾಸ 50 (ಕೆಳಗಿನ ಷಡ್ಜ) ಕೂಡ ಹುಟ್ಟುತ್ತವೆ. ಪಂಚಮ ಕೂದಲೆಳೆ ತಪ್ಪಿದರೂ ನಾದ ಒರಟಾಗುತ್ತದೆ. ಜರ್ಮನ್ ಸಂಗೀತ ರಚನಕಾರ ವೇಬರ್ 1815ರಲ್ಲಿ ತಿದ್ದಿ ಬರೆದ ಹಾರ್ನ್ ಕನ್ಸರ್ಟಿನೋದಲ್ಲೇ (ಹಾರ್ನ್ ವಾದ್ಯ ಮತ್ತು ವಾದ್ಯವೃಂದಕ್ಕಾಗಿ ಬರೆದ ಕಿರು ಕೃತಿ) ಈ ತಂತ್ರ ಇದೆ.

ಎರಡನೆಯದು ಕ್ಲಾರಿನೆಟ್, ಸ್ಯಾಕ್ಸೋಫೋನಿನವರದು. ಮುಚ್ಚಿದ ರಂಧ್ರಗಳ ನಡುವೆ ಒಂದನ್ನು ತೆರೆದರೆ ಕೊಳವೆಯ ಗಾಳಿಗೆ ಎರಡು ಅನುರಣನಗಳು ಸಿಗುತ್ತವೆ, ಬಾಯಿಗಿಡುವ ತುದಿಯ ತೆಳು ಪಟ್ಟಿಯಾದ ರೀಡ್ ಎರಡಕ್ಕೂ ಅದುರುತ್ತದೆ. ತುಟಿ ಬಿಗಿದರೆ ಮೇಲಿನ ಸ್ವರ ಮಾತ್ರ, ಸಡಿಲಿಸಿದರೆ ಕೆಳಗಿನದು ಮಾತ್ರ. ಬೆರಳು ಅಲ್ಲಾಡಿಸದೆ ಮೊದಲು ಒಂದೊಂದನ್ನೇ ನುಡಿಸಿ, ಆಮೇಲೆ ಉಸಿರು ತಗ್ಗಿಸಿ ತುಟಿಯನ್ನು ಇವೆರಡರ ನಡುವಿನ ಬಿಗಿಗೆ ತನ್ನಿ. ಒಬ್ಬರ ವಾದ್ಯದಲ್ಲಿ ಒಲಿದ ಬೆರಳಿನ ಜೋಡಣೆ ಇನ್ನೊಂದು ಮಾದರಿಯ ವಾದ್ಯದಲ್ಲಿ ನಡೆಯದಿರಬಹುದು, ಪುಸ್ತಕದ ಪಟ್ಟಿಯನ್ನು ನಿಮ್ಮ ವಾದ್ಯದಲ್ಲೇ ಒಂದೊಂದಾಗಿ ಪರೀಕ್ಷಿಸಿ.